ಅಣ್ಣನ ರೀಲಿಗೆ ಸುತ್ತಿದ ದಪ್ಪ ದಾರ

ಅಣ್ಣ ಕೇಳಿದ ದಾರವನ್ನು ನಾನು ತರಲಿಲ್ಲ. ಬೇರೆಯದು ತಂದೆ, ಅದೇ ಇದು ಅಂದೆ. ಆ ಸುಳ್ಳನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಬಾಯಲ್ಲೇ ಇಟ್ಟುಕೊಂಡೆ.

ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಈ ಪರದೇಶದ ಸ್ಟರ್ಲಿಂಗ್ ಊರಿನಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತೇನೆ. ಅಣ್ಣ ಅದೇ ಊರಿನ ಒಂದು ಡೇಟಾ ಸೆಂಟರಿನಲ್ಲಿ ಎಲೆಕ್ಟ್ರಿಷಿಯನ್. ಅವನಿಗೆ ಕ್ಯಾನ್ಸರ್ ಬಂತು. ಕೀಮೋ ಕೊಟ್ಟ ಮೇಲೆ ಕಾಯಿಲೆ ಹೋಯಿತು, ಬೆರಳುಗಳು ಮರಗಟ್ಟಿದವು. ಬೆರಳಿಗೆ ಕೆಲಸ ಕೊಡ್ತಾ ಇರಿ, ನಿಧಾನಕ್ಕೆ ಸರಿಹೋಗಬಹುದು ಅಂದರು ಡಾಕ್ಟರು. ಅಣ್ಣನಿಗೆ ನೆನಪಾದದ್ದು ಮೀನು ಹಿಡಿಯುವ ಕೆಲಸ.

ಪೊಟೋಮ್ಯಾಕ್ ನದಿಯಲ್ಲಿ ವಾಲೈ ಅಂತ ಒಂದು ಮೀನಿದೆ. ಫಾಲ್‌ನಲ್ಲಿ, ಅಂದರೆ ಎಲೆ ಉದುರುವ ಕಾಲದಲ್ಲಿ, ನೀರು ತಣ್ಣಗಾದ ಮೇಲೆ, ಹೊತ್ತು ಮುಳುಗುವ ವೇಳೆಗೆ ದಡದ ಹತ್ತಿರ ಬರುತ್ತದೆ. ಬೆಳಕು ಬಿದ್ದರೆ ಕಣ್ಣು ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಗಾಳ ಕಚ್ಚಿದರೂ ಜೋರಾಗಿ ಜಗ್ಗುವುದಿಲ್ಲ. ದಾರ ಚೂರು ಭಾರವಾಯಿತೇನೋ ಅನ್ನಿಸುತ್ತದೆ, ಅಷ್ಟೇ. ಅದಕ್ಕೇ ಅಂಗಡಿಗೆ ಹೊರಟ ನನಗೆ ಅಣ್ಣ ಅಷ್ಟು ಬಿಡಿಸಿ ಹೇಳಿದ್ದ.

"ಹೆಣೆದಿರೋ ದಾರ ತಗೊಂಬಾ, ತೆಳ್ಳಗಿರೋದು. ಅದು ಹಿಗ್ಗಲ್ಲ ಕಣೋ. ಮೀನು ಮೂತಿ ಇಟ್ರೂ ಕೈಲಿ ಹಿಡಿದಿರೋ ರಾಡಿನವರೆಗೂ ಗೊತ್ತಾಗುತ್ತೆ. ಹಳದಿ ಬಣ್ಣದ್ದು ನೋಡು. ಗಾಳದ ಹತ್ತಿರ ಕಟ್ಟೋಕೆ ನೀರಲ್ಲಿ ಕಾಣದೇ ಇರೋ ದಾರ ಬೇರೆ. ಸೀಸದ ತಲೆಯ ಗಾಳ, ಸಣ್ಣದು. ಸಾರಿಗೆ ಉಪ್ಪು ಹಾಕೋ ಹಂಗೆ ಅಂದಾಜಲ್ಲಿ ತಂದುಬಿಡಬೇಡ."

"ಅದೇ ಸಾರಿಗೆ ಅಲ್ವಾ ನೀನು ಪ್ರತಿ ಭಾನುವಾರ ಕಾಯೋದು?" ಅಂದೆ.

ಅಂಗಡಿಯಲ್ಲಿ ಗೋಡೆ ತುಂಬ ದಾರದ ಉಂಡೆಗಳು. ಅಣ್ಣ ಹೇಳಿದ್ದು ಸಿಕ್ಕಿತು. ಚಿಕ್ಕಂದಿನಲ್ಲಿ ನಾಲೆಯ ದಡದಲ್ಲಿ ಅಪ್ಪ ಮಾಡುತ್ತಿದ್ದಂತೆ ಎರಡು ಬೆರಳಿನ ನಡುವೆ ಉಜ್ಜಿ ನೋಡಿದೆ. ಹೂ ಕಟ್ಟುವ ನೂಲಿನ ಹಾಗಿತ್ತು. ನಮ್ಮ ಮನೆಯಲ್ಲಿ ದಪ್ಪ ಇದ್ದದ್ದೇ ಗಟ್ಟಿ. ಇಷ್ಟು ದಿನ ಆಸ್ಪತ್ರೆ ಕಂಡವನಿಗೆ ಒಂದು ಮೀನು ಸಿಕ್ಕಿ, ಅದೂ ದಾರ ಕಿತ್ತುಕೊಂಡು ಹೋದರೆ? ದಪ್ಪ ನೈಲಾನನ್ನೇ ಕೊಂಡೆ, ಹಳದಿಯದು. ಓದಿದ ಅಣ್ಣನಿಗಿಂತ ಈ ಒಂದು ವಿಷಯ ನನಗೆ ಚೆನ್ನಾಗಿ ಗೊತ್ತು ಅನ್ನುವ ಜಂಬವೂ ಇತ್ತು. ರಾಡಿನ ರೀಲಿಗೆ ಅದನ್ನು ಸುತ್ತಿದ್ದೂ ನಾನೇ.

ಆ ಸಂಜೆ ನದಿಯ ಮೇಲೆ ಚಳಿಗಾಳಿ ಇತ್ತು. ಚಳಿಗೆ ನೈಲಾನು ಸೆಟೆದುಕೊಂಡು, ರೀಲಿನಿಂದ ಸ್ಪ್ರಿಂಗಿನ ಹಾಗೆ ಸುರುಳಿ ಸುರುಳಿಯಾಗಿ ಬಂತು. ಅಣ್ಣ ಬೀಸಿದ ಗಾಳ ಹತ್ತು ಮಾರು ದೂರವೂ ಹೋಗಲಿಲ್ಲ. ಮಬ್ಬುಗತ್ತಲಲ್ಲಿ ದಾರವನ್ನು ಬೆರಳಲ್ಲಿ ಹಿಡಿದು ನೋಡಿದ. ಮರಗಟ್ಟಿದ ಬೆರಳಿಗೆ ದಪ್ಪ ಯಾವುದು, ತೆಳು ಯಾವುದು?

"ನಾನು ಹೇಳಿದ್ದೇ ತಾನೇ ಇದು?"

"ಹೂಂ, ಅದೇ."

ಪಕ್ಕದಲ್ಲಿದ್ದ ಮುದುಕನೊಬ್ಬ ಎರಡು ಮೀನು ಎಳೆದ. ಅವನ ಹಣೆಯ ಲೈಟಿಗೆ ಆ ಮೀನಿನ ಕಣ್ಣು ಹೊಳೆದು ನನ್ನನ್ನೇ ನೋಡಿತು. ಅಣ್ಣ ಇನ್ನೊಂದು ಸಲ ಬೀಸಿದ, ಕಾದ. ಆಮೇಲೆ ರಾಡನ್ನು ನನ್ನ ಕೈಗೆ ಕೊಟ್ಟು, ತನ್ನ ಅಂಗೈಗಳನ್ನು ಯಾರದೋ ಸಾಮಾನಿನ ಹಾಗೆ ತಿರುಗಿಸಿ ನೋಡಿಕೊಂಡ.

"ಸತ್ತೋಗಿದೆ ಕಣೋ ಕೈ. ಈ ರಾಡು ನೀನೇ ಇಟ್ಕೋ."

ನಾನು ದಾರವನ್ನು ರೀಲಿಗೆ ಸುತ್ತಿ, ರಾಡನ್ನು ಹೆಗಲಿಗೇರಿಸಿಕೊಂಡೆ.

ಅಣ್ಣ ಬೆರಳಿನ ವ್ಯಾಯಾಮ ಬಿಟ್ಟ. ಕೆಲಸ ಬಿಟ್ಟ. ಆಮೇಲೆ ಚಮಚ ಹಿಡಿಯುವುದನ್ನೂ ಬಿಟ್ಟ. ಅತ್ತಿಗೆ ಕಲಸಿ ತಿನ್ನಿಸುತ್ತಿದ್ದಳು. ಕಾವಲಿಯ ಮೇಲೆ ಹಿಟ್ಟು ಹರಡುವಾಗ ನನ್ನ ಕೈ ಇದ್ದಲ್ಲಿ ಅವನ ಕೈ ಕಾಣುತ್ತಿತ್ತು. ದೋಸೆ ಸೀದ ವಾಸನೆ ಬಂದ ಮೇಲೆಯೇ ಅದು ಹೋಗುತ್ತಿತ್ತು.

ಮಾರನೇ ವರ್ಷದ ಫಾಲ್‌ನಲ್ಲಿ ಆ ತೆಳ್ಳನೆಯ ದಾರ ಕೊಂಡು ಸುತ್ತಿ, ಒಬ್ಬನೇ ನದಿಗೆ ಹೋದೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸುಗಳನ್ನು ಒಂದರ ಮೇಲೊಂದು ಹಾಕಿಕೊಂಡೆ, ಅಣ್ಣನ ಬೆರಳಿನ ಹಾಗೆ ಏನೂ ತಿಳಿಯದಷ್ಟು. ಗಾಳ ಬೀಸಿದೆ. ಅದು ತಳದ ಒಂದೊಂದೇ ಕಲ್ಲು ತಾಗಿದ್ದೂ ಮೊಣಕೈಯವರೆಗೆ ಗೊತ್ತಾಯಿತು. ಒಂದು ಕಡೆ ಭಾರವಾಯಿತು. ಮೀನು. ಅದನ್ನು ಎಳೆಯುವ ಧೈರ್ಯ ಬರಲಿಲ್ಲ. ದಾರ ಸಡಿಲ ಬಿಟ್ಟು, ಅದು ಹೋಗುವವರೆಗೂ ನಿಂತಿದ್ದೆ.

ಅದಾದ ಭಾನುವಾರ ಬೆಳಿಗ್ಗೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ಅವನ ಶರ್ಟಿನ ಗುಂಡಿ ಹಾಕುತ್ತಿದ್ದಳು. ಅವನು ಪುಟ್ಟ ಮಗುವಿನ ಹಾಗೆ ಗದ್ದ ಎತ್ತಿ ಕೂತಿದ್ದ.

"ಏನೋ, ಬರಿಗೈಲಿ ಬಂದಿದ್ದೀಯ? ಸಾರೆಲ್ಲಿ?"

ನಾನು ಅವನ ಮುಂದೆ ನೆಲದ ಮೇಲೆ ಕೂತೆ. ಅವನ ಎರಡೂ ಕೈ ಹಿಡಿದುಕೊಂಡೆ. ತಣ್ಣಗಿದ್ದವು.

"ಅಣ್ಣ, ಅವತ್ತು ನೀನು ಹೇಳಿದ ದಾರ ನಾನು ತಂದಿರಲಿಲ್ಲ. ದಪ್ಪದ್ದು ತಂದು, ಅದೇ ಅಂತ ಸುಳ್ಳು ಹೇಳಿದೆ. ನಿನ್ನ ಕೈಯದೇನೂ ತಪ್ಪಿಲ್ಲ, ಆ ದಾರದಲ್ಲಿ ಮೀನು ಕಚ್ಚಿದ್ದು ಯಾರಿಗೂ ಗೊತ್ತಾಗ್ತಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪಾಯ್ತು ಅಣ್ಣ. ನನ್ನ ಕ್ಷಮಿಸು."