ಬೆರಳಿನ ಗಂಟು, ಅಪ್ಪನ ಕತ್ತಿ

ನಾನು ಚಿಕ್ಕವಳಿದ್ದಾಗ ನನ್ನ ಬಲಗೈಯ ನಡುಬೆರಳ ಬುಡದಲ್ಲಿ, ಅಂಗೈ ಕಡೆಗೆ, ಒಂದು ಗಂಟು ಎದ್ದಿತು. ಮೊದಲು ಹುಣಸೆ ಬೀಜದಷ್ಟಿತ್ತು, ಬರಬರುತ್ತಾ ಅಡಿಕೆಯಷ್ಟಾಯಿತು. ನೋವೇನೂ ಇರಲಿಲ್ಲ. ಆದರೆ ಬೆರಳು ಮಡಿಸಲು ಬರುತ್ತಿರಲಿಲ್ಲ. ಬಳಪ ಹಿಡಿದರೆ ಜಾರುತ್ತಿತ್ತು. ಅಚ್ಚಿಕಲ್ಲಿನ ಆಟದಲ್ಲಿ ಮೇಲೆಸೆದ ಕಲ್ಲು ಕೈಗೆ ಬಂದರೂ ನಿಲ್ಲುತ್ತಿರಲಿಲ್ಲ. ಇಡೀ ಬೀದಿಯನ್ನು ಸೋಲಿಸುತ್ತಿದ್ದವಳು ನಾನು! ಸೋಲು ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಜ್ಜಿ ಸುಣ್ಣ ಹಚ್ಚಿದಳು, ದಾರ ಕಟ್ಟಿದಳು. ಗಂಟು ಜಗ್ಗಲಿಲ್ಲ. ಆಗ ಅವಳಿಗೆ ಅಕ್ಕನ ಮಣಿಕಟ್ಟು ನೆನಪಾಯಿತು. ಹಿಂದಿನ ವರ್ಷ ಅಲ್ಲಿ ಎದ್ದಿದ್ದ ಗಂಟನ್ನು ಅಪ್ಪ ಕತ್ತಿಯ ಬೆನ್ನಿನಿಂದ ಒಂದೇ ಏಟಿಗೆ ಒಡೆದಿದ್ದ, ಅದು ಇಂಗಿಹೋಗಿತ್ತು. ಹಂದನಕೆರೆ ಕಡೆಯ ನಮ್ಮೂರಿನಲ್ಲಿ ಅಪ್ಪನ ಏಟಿಗೆ ದೊಡ್ಡ ಹೆಸರು. ಒಳಗಿನ ಉಂಡೆಕೊಬ್ಬರಿಗೆ ಒಂದು ಗೀರೂ ಬೀಳದಂತೆ ಕರಟವನ್ನಷ್ಟೇ ಒಡೆಯುತ್ತಿದ್ದ. ಅಂಥ ಕೈಗೆ ಒಂದು ಗಂಟು ಯಾವ ಲೆಕ್ಕ ಅಂತ ಎಲ್ಲರೂ ಅಂದುಕೊಂಡರು.

ಅವತ್ತು ಕೊಬ್ಬರಿ ಒಡೆಯುವ ದಿನ. ಹಿತ್ತಲ ತುಂಬ ಸಿಪ್ಪೆಯ ಧೂಳು, ಎಣ್ಣೆಯ ಸಿಹಿ ವಾಸನೆ. ಅಪ್ಪ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗೆ ಒಣಗಿದ ಕೊಬ್ಬರಿ ಲೊಟಲೊಟ ಅಂದರೆ ಮಾತ್ರ ಒಡೆಯುತ್ತಿದ್ದ. ಅಜ್ಜಿ ನನ್ನ ಕೈ ಎಳೆದು, ಅಂಗೈ ಮೇಲಾಗಿ ಕಲ್ಲಿನ ಮೇಲೆ ಒತ್ತಿ ಹಿಡಿದಳು.

"ಕಣ್ಮುಚ್ಚಿ ಬುಡೋದ್ರೊಳಗೆ ಮುಗ್ದೋಯ್ತದೆ ಕಣೇ, ಸುಮ್ಕಿರು."

ಅಪ್ಪ ಕತ್ತಿ ಎತ್ತಿದ. ನಾನು ಅಜ್ಜಿಯ ಕೈ ಕಚ್ಚಿದೆ. ಕಚ್ಚಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಅವಳು "ಅಯ್ಯಯ್ಯೋ" ಅನ್ನುವಷ್ಟರಲ್ಲಿ ಕೊಟ್ಟಿಗೆಯ ಅಟ್ಟ ಹತ್ತಿ, ಬಿದಿರೇಣಿಯನ್ನು ಮೇಲಕ್ಕೆ ಎಳೆದುಕೊಂಡುಬಿಟ್ಟೆ.

ಅಟ್ಟದ ಮೇಲೆ ಒಣಗಲು ಹರಡಿದ ಕಾಯಿಗಳ ನಡುವೆ ಕೂತೆ. ಹೆದರಿಕೆ ಆಗಿತ್ತು, ನಿಜ. ಆದರೆ ಕೋಪ ಅದಕ್ಕಿಂತ ದೊಡ್ಡದಿತ್ತು. ಬೆರಳು ನನ್ನದು! ಕೆಳಗಿನಿಂದ ಅಜ್ಜಿ ಬೈದಳು, ಅಕ್ಕ ಗೋಗರೆದಳು. ನಾನು ಅಂಚಿಗೆ ಬಂದು ಒಂದು ಕಾಯಿಯನ್ನು ಅಪ್ಪನ ಮುಂದಿದ್ದ ಸಿಪ್ಪೆಯ ರಾಶಿಗೆ ಎಸೆದೆ.

"ತಗೋ, ಇದನ್ನ ಒಡಿ!"

ಅಪ್ಪ ಅಭ್ಯಾಸಬಲದಿಂದ ಅದನ್ನೆತ್ತಿ ಅಲ್ಲಾಡಿಸಿದ. ಒಳಗೆ ನೀರು ಕುಲುಕಿತು. "ಇನ್ನೂ ನೀರೈತೆ," ಅಂತ ಪಕ್ಕಕ್ಕಿಟ್ಟ.

"ಕಾಯ್ನಾದ್ರೆ ಒಳಗೇನೈತೆ ಅಂತ ಕೇಳಿ ಒಡೀತೀಯ. ನನ್ ಬೆರಳೊಳಗೇನೈತೆ ಅಂತ ಗೊತ್ತೇನಪ್ಪ ನಿಂಗೆ? ಡಾಕ್ಟ್ರ ಹತ್ರ ಕರ್ಕೊಂಡೋಗು. ಇಲ್ದಿದ್ರೆ ನಾನ್ ಇಳಿಯಾಕಿಲ್ಲ."

ಅಪ್ಪ ಆ ಕಾಯಿಯನ್ನು ಇನ್ನೊಮ್ಮೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಆಮೇಲೆ ಕತ್ತಿಯನ್ನು ಸೂರಿಗೆ ಸಿಕ್ಕಿಸಿದ.

"ಏಣಿ ಬುಡು ತಾಯಿ. ತಿಪಟೂರಿಗೆ ಹೋಗಾಣ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಿಟಕಿಯ ಪರದೆ ಎಳೆದು, ನನ್ನ ಬೆರಳ ತುದಿಗೆ ಟಾರ್ಚ್ ಹಿಡಿದರು. ತುದಿ ದಾಸವಾಳದಂತೆ ಕೆಂಪಗೆ ಬೆಳಗಿತು. ಗಂಟಿಗೆ ಹಿಡಿದರೆ ಕತ್ತಲು.

"ನೀರಿನ ಗಂಟಾಗಿದ್ರೆ ಬೆಳಕು ದಾಟ್ತಿತ್ತು. ಇದು ಗಟ್ಟಿ ಗಂಟು ಕಣ್ರೀ, ಪಕ್ಕದಲ್ಲೇ ನರ ಇದೆ. ಹೊಡೆದಿದ್ರೆ ಗಂಟು ಉಳಿದು ಬೆರಳು ಹೋಗ್ತಿತ್ತು."

ಅಪ್ಪ ನನ್ನ ಕೈಯನ್ನು ತನ್ನ ಒರಟು ಅಂಗೈಯಲ್ಲಿ ಮುಚ್ಚಿಕೊಂಡ. ಮತ್ತೆ ಹೊರಗೆ ಬರುವವರೆಗೂ ಬಿಡಲಿಲ್ಲ.

ಕೆಲವು ದಿನಗಳ ಮೇಲೆ ನನ್ನನ್ನು ನಿದ್ದೆ ಮಾಡಿಸಿ, ರಕ್ತ ಹರಿಯದಂತೆ ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಗಂಟು ತೆಗೆದರು. ನೆಟ್ಟಗೆ ಕುಯ್ದರೆ ಗಾಯ ಮಾಯುವಾಗ ಬೆರಳನ್ನು ಎಳೆದುಬಿಡುತ್ತದಂತೆ, ಅದಕ್ಕೇ ಅಂಕುಡೊಂಕಾಗಿ ಕುಯ್ದಿದ್ದರು. ಪರೀಕ್ಷೆಯಲ್ಲಿ ಅದು ಕೆಟ್ಟ ಗಂಟಲ್ಲ ಅಂತ ಗೊತ್ತಾಯಿತು. ಹೊಲಿಗೆ ಬಿಚ್ಚಿ ಬೆರಳು ಸಡಿಲವಾದ ಮೇಲೆ ಅಚ್ಚಿಕಲ್ಲಿನಲ್ಲಿ ಮೊದಲು ಸೋಲಿಸಿದ್ದು ಅಜ್ಜಿಯನ್ನೇ.

ಈಗ ನಿಮ್ಮ ಕಾಲ, ಮೊಮ್ಮಕ್ಕಳೇ. ಮೊನ್ನೆ ನಿಮ್ಮಲ್ಲಿ ಚಿಕ್ಕವನ ಮಣಿಕಟ್ಟಿನ ಮೇಲೆ ಗಂಟು ಕಂಡಾಗ ಡಾಕ್ಟರು ಟಾರ್ಚ್ ಹಿಡಿದರು, ಸ್ಕ್ಯಾನ್ ಕೂಡ ಮಾಡಿದರು. ಒಳಗಿನ ನೀರು ಪರದೆಯ ಮೇಲೆ ಕಪ್ಪಗೆ ಕಾಣಿಸಿತು. ಮಕ್ಕಳಲ್ಲಿ ಇದು ಎಷ್ಟೋ ಸಲ ತಾನೇ ಇಂಗುತ್ತದೆ, ಕಾಯೋಣ ಅಂದರು. ಇಷ್ಟೆಲ್ಲ ಬಂದಿದೆ. ಆದರೂ ಅವತ್ತು ಸಂಜೆಯೇ ವಿಡಿಯೋ ಕಾಲ್‌ನಲ್ಲಿ ನಿಮ್ಮ ಸಂಬಂಧಿಕರೊಬ್ಬರು "ದಪ್ಪ ಪುಸ್ತಕದಲ್ಲಿ ಒಂದೇಟು ಹಾಕಿ, ಹೋಗುತ್ತೆ" ಅಂದರಲ್ಲ! ನಾನು ಫೋನಿನ ಮುಂದೆ ಈ ಬೆರಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ತೋರಿಸಿದೆ. ಅವತ್ತು ಏಟು ಬಿದ್ದಿದ್ದರೆ ಇದು ಹೀಗೆ ಮಡಿಯುತ್ತಿರಲಿಲ್ಲ ಅಂದೆ.

ನಿಮ್ಮ ಮನೆಯಲ್ಲಿ ಅಟ್ಟವಿಲ್ಲ, ಎಳೆದುಕೊಳ್ಳಲು ಏಣಿಯೂ ಇಲ್ಲ. ಯಾರಾದರೂ ನಿಮ್ಮ ಕೈಗೆ ಏಟು ಹಾಕಲು ಬಂದರೆ ಸೀದಾ ನನ್ನ ಕೋಣೆಗೆ ಓಡಿಬನ್ನಿ. ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕವಿದೆ. ಒಳಗೆ ನಾನೂ ಇರುತ್ತೇನೆ, ನನಗಿನ್ನೂ ಕಚ್ಚಲು ಬರುತ್ತದೆ.