ವಾರಿಜಕ್ಕನ ಸಿಗಡಿ ಸಿಪ್ಪೆ

ಲಿಫ್ಟಿನಲ್ಲಿ ಸಿಗಡಿ ವಾಸನೆ ಉಳಿದಿದ್ದರೆ ವಾರಿಜಕ್ಕ ಈಗಷ್ಟೇ ಇಳಿದು ಹೋಗಿದ್ದಾರೆ ಎಂದು ಕೊಚ್ಚಿಯ ಎಡಪ್ಪಳ್ಳಿಯ ನಮ್ಮ ಫ್ಲಾಟಿನವರಿಗೆಲ್ಲ ಗೊತ್ತಾಗುತ್ತಿತ್ತು. ಕಾಸರಗೋಡು ಕಡೆಯವರು. ಕೊಚ್ಚಿಯ ಪ್ರಯೋಗಾಲಯವೊಂದರಲ್ಲಿ, ಐವತ್ತು ದಾಟಿದರೂ, ಪ್ರಾಜೆಕ್ಟ್ ಇದ್ದಷ್ಟು ದಿನದ ನೌಕರಿ. ಸಿಗಡಿ ಸುಲಿಯುವ ಶೆಡ್ಡೊಂದರಲ್ಲಿ ಎಸೆಯುವ ತಲೆ, ಸಿಪ್ಪೆ ತಂದು ಒಣಗಿಸಿ, ಪುಡಿ ಮಾಡಿ, ಸತ್ವ ಇಳಿಸುವುದು. ಅದರಲ್ಲಿ ಆಂಟಿಆಕ್ಸಿಡೆಂಟ್ ಗುಣ ಎಷ್ಟಿದೆಯೆಂದು ನೋಡುವುದು.

"ಹೆಚ್ಚಿಟ್ಟ ಬಾಳೆಕಾಯಿ ಕಪ್ಪಾಗ್ತದಲ್ಲ, ನಾವೂ ಹಾಗೇ ಒಳಗೊಳಗೆ ಕಪ್ಪಾಗುವುದು. ಅದನ್ನು ತಡೆಯುವಂಥದ್ದು ಈ ಸಿಪ್ಪೆಯಲ್ಲಿ ಉಂಟು" ಎಂದಿದ್ದರು. ಬ್ಯಾಂಕಿನಲ್ಲಿ ಕೂತು ಬಿಪಿ, ಶುಗರ್, ವರ್ಗಾವಣೆ ಮೂರನ್ನೂ ಸರದಿಯ ಮೇಲೆ ಚಿಂತಿಸುವ ನಾನು, ಸಸ್ಯಾಹಾರಿಯೆನ್ನುವುದನ್ನೂ ಮರೆತು, "ನಂಗೊಂದು ಚಮಚ ಕೊಡಿ" ಎಂದೆ.

"ನಿಮಗೆ ಪ್ರಯೋಜನ ಇಲ್ಲ ಮಾರಾಯ್ರೇ. ನೀವು ಪೂರ್ತಿ ಕಪ್ಪಾಗಿ ಆಯ್ತು!"

ಒಮ್ಮೆ ಲ್ಯಾಬಿಗೆ ಕರೆದೊಯ್ದು ತೋರಿಸಿದರು. ಕಡು ನೇರಳೆ ದ್ರಾವಣಕ್ಕೆ ಸತ್ವ ಬಿಟ್ಟರೆ ನಿಧಾನವಾಗಿ ಹಳದಿಗೆ ತಿರುಗಿತು. ನೇರಳೆ ಇಳಿದಷ್ಟೂ ಗುಣ ಹೆಚ್ಚು. ಗ್ಲೌಸ್ ಹಾಕಿದ ಕೈಯಲ್ಲೇ ಚಪ್ಪಾಳೆ ತಟ್ಟಿದರು.

ಪ್ರಾಜೆಕ್ಟ್ ಮುಂದುವರಿಯಬೇಕೋ ಬೇಡವೋ ಎಂದು ತಿರುವನಂತಪುರದಲ್ಲಿ ಸಮಿತಿಯೊಂದು ತೀರ್ಮಾನಿಸುವುದಿತ್ತು. ಅದಕ್ಕೆ ಮೊದಲು, ಯಾರೂ ಕೇಳದಿದ್ದರೂ, ಬಂದರಿಗೆ ಹೋಗಿ ದೋಣಿಯಿಂದ ಆಗಷ್ಟೇ ಇಳಿಸಿದ ಸಿಗಡಿ ತಂದು, ತಾವೇ ಸುಲಿದು ಪರೀಕ್ಷಿಸಿದರು. ನೇರಳೆ ಹೆಚ್ಚುಕಡಿಮೆ ನೇರಳೆಯಾಗಿಯೇ ಉಳಿಯಿತು. ಶೆಡ್ಡಿಗೆ ಓಡಿದರು. ಸಿಗಡಿ ಕಪ್ಪು ತಿರುಗದಿರಲೆಂದು ಅಲ್ಲಿ ಸುಲಿಯುವ ಮೊದಲೇ ಬಿಳಿ ಪುಡಿಯ ನೀರಿನಲ್ಲಿ ಅದ್ದುತ್ತಾರಂತೆ. "ಎಲ್ಲರೂ ಮಾಡುವುದೇ ಚೇಚಿ" ಅಂದರಂತೆ ಸುಲಿಯುವ ಹೆಂಗಸರು. ಇಷ್ಟು ವರ್ಷ ಬಣ್ಣ ಇಳಿಸುತ್ತಿದ್ದದ್ದು ಸಿಪ್ಪೆಯಲ್ಲ, ಆ ಪುಡಿ.

"ಹೇಳಬೇಡಿ ಅಕ್ಕಾ, ಕೆಲಸ ಹೋದೀತು" ಎಂದೆ.

"ಹೇಳದಿದ್ರೆ ನಾಳೆ ಯಾರೋ ಮದ್ದು ಅಂತ ತಿಂತಾರೆ. ಮೊದಲು ನೀವೇ ತಿಂತೀರಿ."

ಸಮಿತಿ ಸೇರಿದ ವಾರವೇ ನನಗೂ ತಿರುವನಂತಪುರದಲ್ಲಿ ತರಬೇತಿ. ಸಭೆ ಮುಗಿದ ಸಂಜೆ, ಕೊಚ್ಚಿಗೆ ಮರಳುತ್ತಿದ್ದ ಅವರನ್ನು ರೈಲು ಹತ್ತಿಸಲು ನಿಲ್ದಾಣಕ್ಕೆ ಹೋದೆ. ಸಮಿತಿಯವರು ಅವರ ಪ್ರಾಮಾಣಿಕತೆಯನ್ನು ಬಾಯ್ತುಂಬ ಹೊಗಳಿ ಪ್ರಾಜೆಕ್ಟ್ ಮುಚ್ಚಿದ್ದರು. ಆ ಭೇಟಿಯೇ ಕೊನೆ. ನಾನು ಎಡಪ್ಪಳ್ಳಿಗೆ ಮರಳುವಷ್ಟರಲ್ಲಿ ಅವರು ಮನೆ ಖಾಲಿ ಮಾಡಿದ್ದರು, ಎಲ್ಲಿಗೆಂದು ವಾಚ್‌ಮನ್ನಿಗೂ ಗೊತ್ತಿರಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ನಾನು ಕೊಡಿಸಿದ ಚಹಾ ಅವರ ಕೈಯಲ್ಲೇ ಆರಿ ಹೋಯಿತು. ನನ್ನನ್ನು ಗೇಲಿ ಮಾಡಲೂ ಇಲ್ಲ. ರೈಲು ಬಂದಾಗ ಚೀಲ ಎತ್ತಿಕೊಂಡು ಕೇಳಿದರು:

"ಚಿಂತೆ ಮಾಡುವುದರಲ್ಲಿ ನೀವು ಅನುಭವಸ್ಥರಲ್ವಾ ಮಾರಾಯ್ರೇ, ಹೇಳಿ. ಇದು ಬೆಳಿಗ್ಗೆ ಏಳುವಾಗಲೂ ಹೀಗೇ ಇರ್ತದಾ?"

ಇಲ್ಲ ಅನ್ನಬೇಕೆಂದಿದ್ದೆ. ಅವರ ಮುಖ ನೋಡಿದ ಮೇಲೆ ಸುಳ್ಳು ಬರಲಿಲ್ಲ.

"ಇರ್ತದೆ ಅಕ್ಕಾ."

ತಲೆಯಾಡಿಸಿ ಹತ್ತಿದರು.