ನಮ್ಮ ಪಿಕಪ್ ಹಿಂದೆ ಕೂರುತ್ತಿತ್ತು

ನಮ್ಮ ಪಿಕಪ್ಪಿಗೆ ದೈವಭಕ್ತಿ ಸ್ವಲ್ಪ ಜಾಸ್ತಿ. ಸದಾ ಮುಖ ಆಕಾಶಕ್ಕೆ ಎತ್ತಿಕೊಂಡೇ ಓಡುತ್ತಿತ್ತು. ಹಿಂಭಾಗ ನೆಲಕ್ಕೆ ಕೂತು, ಮೂತಿ ಮೇಲಾಗಿ, ಮುಸ್ಸಂಜೆ ಹೊತ್ತಿಗೆ ನಾವು ಪುತ್ತೂರಿನಿಂದ ಸುಳ್ಯದ ಕಡೆ ಬರುವಾಗ ಎದುರಿನ ಬಸ್ಸಿನ ಡ್ರೈವರುಗಳೆಲ್ಲ ತಲೆ ಹೊರಗೆ ಹಾಕಿ, ಲೈಟ್ ಡಿಮ್ ಮಾಡು ಎಂದು ತುಳುವಿನಲ್ಲಿ ಬೈದು ಹೋಗುತ್ತಿದ್ದರು. ನಮ್ಮ ಲೈಟು ಡಿಮ್ಮಿನಲ್ಲೇ ಇರುತ್ತಿತ್ತು. ರಸ್ತೆಯ ಗುಂಡಿ ನಮಗೆ ಕಾಣುತ್ತಿರಲಿಲ್ಲ. ಮರದ ತುದಿಯಲ್ಲಿ ನೇತಾಡುವ ಬಾವಲಿಗಳ ಮುಖಭಾವ ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಕಾರಣ, ಬೆನ್ನ ಮೇಲೆ ಬೋಲ್ಟು ಹಾಕಿ ಕೂರಿಸಿದ ಅಡಿಕೆ ಸುಲಿಯುವ ಮಿಷನ್. ಅದರ ಜೊತೆಗೆ ಅದನ್ನು ಓಡಿಸುವ ಡೀಸೆಲ್ ಎಂಜಿನ್. ನಮ್ಮ ಊರು ಸುಳ್ಯದ ಹತ್ತಿರದ ಅಜ್ಜಾವರ. ಅಲ್ಲಿಂದ ಹೊರಟು ಊರೂರಿನ ಅಂಗಳಗಳಲ್ಲಿ ಗಾಡಿ ನಿಲ್ಲಿಸಿ, ಒಣಗಿದ ಅಡಿಕೆಯನ್ನು ಒಂದು ಬಾಯಿಯಲ್ಲಿ ಸುರಿದು, ಇನ್ನೊಂದು ಕಡೆಯಿಂದ ಸಿಪ್ಪೆ ಬೇರೆ ಅಡಿಕೆ ಬೇರೆ ಮಾಡಿ ಕೊಡುವುದು ನಮ್ಮ ಕಸುಬು. ಅಪ್ಪ ಗಾಡಿ ಓಡಿಸುವುದು, ನಾನು ಮಿಷನ್ ನೋಡಿಕೊಳ್ಳುವುದು. ಅಂದರೆ, ಮಿಷನ್ ಪಕ್ಕದಲ್ಲಿ ನಿಂತು ಆ ಮನೆಯ ಯಜಮಾನರ ಕೆಮ್ಮು, ನಡಿಗೆ, ಮೂಗೆಳೆಯುವ ಶೈಲಿ ಎಲ್ಲವನ್ನೂ ಅಧ್ಯಯನ ಮಾಡಿ, ಮುಂದಿನ ಮನೆಯಲ್ಲಿ ಪ್ರದರ್ಶನ ಕೊಡುವುದು. ಈ ಎರಡನೆಯ ಕೆಲಸಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಮೊದಲನೆಯದಕ್ಕೂ ನನಗೆ ಕೂಲಿ ಕೊಡಬಾರದು ಎಂಬುದು ಅಪ್ಪನ ಅಭಿಪ್ರಾಯ.

ಗಾಡಿ ಕೂತರೆ ಕೂರಲಿ, ಗಾಡಿಗೆ ನೋವಿಲ್ಲವಲ್ಲ ಎನ್ನಬಹುದಿತ್ತು. ಆದರೆ ಅದರ ಜೊತೆ ಅಪ್ಪನ ಸೊಂಟವೂ ಕೂರತೊಡಗಿತು. ಹಿಂದಿನ ಚಕ್ರಗಳ ಮೇಲೆ ಬಿಲ್ಲಿನ ಹಾಗೆ ಬಾಗಿದ ಕಬ್ಬಿಣದ ಪಟ್ಟಿಗಳು ಇರುತ್ತವೆ. ಗ್ಯಾರೇಜಿನವರ ಬಾಯಲ್ಲಿ ಅದು ಪ್ಲೇಟ್. ನಮ್ಮ ಪ್ಲೇಟುಗಳು ಬಿಲ್ಲಾಗಿದ್ದ ಕಾಲ ಮುಗಿದು ದೋಸೆಯ ಕಾವಲಿಯ ಹಾಗೆ ಚಪ್ಪಟೆಯಾಗಿದ್ದವು. ಪ್ರತಿ ಗುಂಡಿಯ ಪೆಟ್ಟೂ ದಾರಿಯಲ್ಲಿ ಎಲ್ಲೂ ತಡೆಯಿಲ್ಲದೆ ಡ್ರೈವರ್ ಸೀಟಿಗೆ ತಲುಪುತ್ತಿತ್ತು. ಪುತ್ತೂರಿನ ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದರು: "ನೋಡಿ, ಕುಲುಕಾಟ ನಿಲ್ಲಬೇಕು. ಗಾಡಿ ಸರಿ ಮಾಡಿಸಿ. ಇಲ್ಲವಾದ್ರೆ ಸ್ಟೇರಿಂಗ್ ಮಗನಿಗೆ ಕೊಟ್ಟುಬಿಡಿ."

ಅಪ್ಪ ನನ್ನನ್ನು ನೋಡಿದರು. ಎಕ್ಸ್‌ರೇಯನ್ನು ನೋಡಿದಾಗಲೂ ಅವರ ಮುಖ ಅಷ್ಟು ಬಾಡಿರಲಿಲ್ಲ.

ಅವರ ಭಯಕ್ಕೆ ಅರ್ಥವಿತ್ತು. ಮನೆಯಲ್ಲಿ ಅಪ್ಪ ಮಾತಾಡುವುದು ಕಡಿಮೆ. ಸ್ಟೇರಿಂಗ್ ಹಿಡಿದರೆ ಮಾತ್ರ ಮನುಷ್ಯನಿಗೆ ಬಾಯಿ ಬರುತ್ತದೆ. ಯಾರ ಅಂಗಳಕ್ಕೆ ಯಾವ ತಿರುವಿನಿಂದ ರಿವರ್ಸ್ ಹೋಗಬೇಕು, ಯಾವ ಏರಿಗೆ ಎಲ್ಲಿಂದ ಓಟ ಹಿಡಿಯಬೇಕು ಎಂಬುದೇ ಅವರ ವಿದ್ಯೆ, ಅವರ ಮರ್ಯಾದೆ. ಸ್ಟೇರಿಂಗ್ ಬಿಟ್ಟರೆ ಅವರು ಜಗಲಿಯಲ್ಲಿ ಕೂತು ನನ್ನ ಗಾಡಿಯ ಶಬ್ದಕ್ಕೆ ಕಿವಿಗೊಡುವ ಮುದುಕ ಆಗಬೇಕು. ನನ್ನ ಡ್ರೈವಿಂಗ್ ಬಗ್ಗೆ ಅವ್ವನ ಪ್ರಮಾಣಪತ್ರ ಬೇರೆ ಇತ್ತು: "ಇವ ಗಾಡಿ ಬಿಡುದಲ್ಲ, ಗಾಡಿ ಬಿಡುವವನ ಹಾಗೆ ಮಾಡುದು."

ಹಾಗಾಗಿ ಗಾಡಿಯನ್ನೇ ಸರಿ ಮಾಡುವುದೆಂದು ತೀರ್ಮಾನವಾಯಿತು. ಪಿಕಪ್ಪಿನ ಹಿಂಭಾಗ ಎತ್ತುವುದು ಹೇಗೆ ಎಂದು ಕೇಳಿದ ಮರುಗಳಿಗೆಯಿಂದ ಮೂರು ತಾಲೂಕಿನಲ್ಲಿ ಎಂಜಿನಿಯರುಗಳಿಗೆ ಬರ ಇರಲಿಲ್ಲ.

ಪುತ್ತೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಮಾಲಕರು ಗಾಜಿನ ಕಪಾಟಿನಿಂದ ಒಂದು ಕಪ್ಪು ರಬ್ಬರ್ ಚೀಲ ತೆಗೆದು, ನವಜಾತ ಶಿಶುವಿನಂತೆ ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. ಮೂಗಿನಿಂದಲೇ ಮಾತಾಡುವವರು, ನನ್ನ ಸ್ವರಗಳ ಸಂಗ್ರಹದಲ್ಲಿ ಅವರಿಗೆ ಒಳ್ಳೆಯ ಸ್ಥಾನ ಉಂಟು.

"ಇದು ಏರ್ ಬ್ಯಾಗ್, ಪ್ಲೇಟಿನ ಮೇಲೆ ಕೂರಿಸುದು. ಭಾರ ಜಾಸ್ತಿಯಾ, ಗಾಳಿ ಹಾಕಿ. ಖಾಲಿಯಾ, ಗಾಳಿ ಬಿಡಿ. ಕಾರಿನ ಹಾಗೆ ಹೋಗ್ತದೆ."

"ತೂತಾದ್ರೆ?" ಅಪ್ಪ ಕೇಳಿದರು.

"ತೂತಾಗುದಿಲ್ಲ."

"ಆದ್ರೆ?"

"ಆಗುದಿಲ್ಲ ಮಾರಾಯ್ರೆ."

"ಟಯರ್ ಕೊಟ್ಟವರೂ ಹೀಗೆಯೇ ಹೇಳಿದ್ದು," ಎಂದು ಅಪ್ಪ ಹೊರಗೆ ಬಂದರು.

ಎರಡನೆಯ ತಜ್ಞ ಕಡಬದ ಭಾವ, ನನ್ನ ಅಕ್ಕನ ಗಂಡ. ತಮ್ಮ ಪಿಕಪ್ಪಿನಲ್ಲಿ ಕೆಂಪು ಕಲ್ಲು ಸಾಗಿಸುವವರು. ಯಾವ ಪ್ರಶ್ನೆಗೂ ಅವರ ಉತ್ತರ ಎದೆಯಿಂದ ಬರುತ್ತದೆ, ತಲೆಯನ್ನು ದಾರಿಯಲ್ಲಿ ಮುಟ್ಟುವುದಿಲ್ಲ. "ಮಾವ, ಒಂದೊಂದು ಸೈಡಿಗೆ ಎರಡೆರಡು ಪ್ಲೇಟ್ ಎಕ್ಸ್‌ಟ್ರಾ ತಳ್ಳಿ. ನನ್ನದು ನೋಡಿ, ಎಷ್ಟು ತುಂಬಿದ್ರೂ ಕೂರುದೇ ಇಲ್ಲ." ಭಾವನ ಗಾಡಿ ಕೂರುವುದಿಲ್ಲ, ನಿಜ. ಖಾಲಿ ಬರುವಾಗ ಅದು ನಿಲ್ಲುವುದೂ ಇಲ್ಲ, ಹಗ್ಗ ಬಿಚ್ಚಿದ ಆಡಿನ ಮರಿಯ ಹಾಗೆ ಹಾರುತ್ತಾ ಬರುತ್ತದೆ. ಒಮ್ಮೆ ಅದರಲ್ಲಿ ಕಡಬದಿಂದ ಮನೆಗೆ ಬಂದ ಅಕ್ಕ ಎರಡು ದಿನ ನಮ್ಮ ಜೊತೆ ಮಾತಾಡಿರಲಿಲ್ಲ, ಹಲ್ಲು ಕಚ್ಚಿಯೇ ಇತ್ತು.

ಮೂರನೆಯವರು ಉಪ್ಪಿನಂಗಡಿಯ ಗ್ಯಾರೇಜಿನ ಕಾಕ. ಬ್ಯಾರಿ ಮುಸ್ಲಿಮರು, ನಮ್ಮ ಗಾಡಿಯ ಹಳೆಯ ವೈದ್ಯರು, ತಮ್ಮ ಬಗ್ಗೆ ತಮಗೇ ಅಪಾರ ಗೌರವ ಇದ್ದವರು. ದುಬೈಯಲ್ಲಿ ಶೇಖನ ಗಾಡಿಯ ಅಡಿಯಲ್ಲಿ ಮಲಗಿದ ಕಥೆ ಮುಗಿಸದೆ ನಮ್ಮ ಗಾಡಿಯ ಅಡಿಯಲ್ಲಿ ಮಲಗುವವರಲ್ಲ. ಕಥೆ ಮುಗಿಸಿ, ಮಲಗಿ, ಎದ್ದು ಕೇಳಿದರು: "ಮಿಷನ್ ಬಿಟ್ಟು ಮತ್ತೆ ಎಂತ ಹಾಕ್ತೀರಿ?"

"ಎಂತದೂ ಇಲ್ಲ ಕಾಕ. ಮಿಷನ್ ಮಾತ್ರ," ಎಂದರು ಅಪ್ಪ. ಸುಳ್ಳು ಹೇಳಿದ್ದಲ್ಲ, ಹಾಗೆಯೇ ನಂಬಿದ್ದರು.

"ಹಾಗಾದ್ರೆ ಕಂಪೆನಿ ಕೊಟ್ಟಷ್ಟೇ ಪ್ಲೇಟ್ ಹೊಸದು ಹಾಕುವ. ಮೇಲಿಂದ ಒಂದೊಂದು ರಬ್ಬರ್ ಕಟ್ಟೆ. ಗಾಡಿ ತುಂಬ ತಗ್ಗಿದ್ರೆ ಮಾತ್ರ ಅದು ಹೆಗಲು ಕೊಡ್ತದೆ, ಇಲ್ಲಾಂದ್ರೆ ಸುಮ್ಮನೆ ಇರ್ತದೆ. ಸೊಂಟಕ್ಕೆ ಒಳ್ಳೆದು. ಆದ್ರೆ ಹಿಂದೆ ಸ್ವಲ್ಪ ಕೂತ ಹಾಗೆ ಕಾಣ್ತದೆ."

"ಕೂತ ಹಾಗೆ" ಎಂಬ ಮಾತು ಅಪ್ಪನಿಗೆ ಹಿಡಿಸಲಿಲ್ಲ. ದುಡ್ಡು ಕೊಟ್ಟು ಕೂರಿಸುವುದು ಯಾಕೆ, ಪುಕ್ಕಟೆಗೆ ಕೂತೇ ಉಂಟಲ್ಲ? ಮೊಬೈಲಿನಲ್ಲಿ ಯಾವುದೋ ಮರುಭೂಮಿಯಲ್ಲಿ ಪಿಕಪ್ ಹಾರಿಸುವವನ ವಿಡಿಯೋ ತೋರಿಸಿ ನಾನೂ ಬೆಂಕಿಗೆ ತುಪ್ಪ ಹಾಕಿದೆ. ಕೊನೆಗೆ ಗೆದ್ದದ್ದು ಭಾವನ ಎದೆ. ಪ್ಲೇಟುಗಳು ಒಳಗೆ ಹೋದವು, ಒಂದೊಂದು ಬದಿಗೆ ಎರಡೆರಡು ಎಕ್ಸ್‌ಟ್ರಾ.

ಪ್ಲೇಟ್ ಹಾಕಿ ಕೊಟ್ಟ ಕಾಕ ನಾವು ಹೊರಡುವಾಗ ಒಂದು ಮಾತು ಹೇಳಿದರು: "ಪ್ಲೇಟ್ ಹಾಕಿದ್ರೆ ಗಾಡಿ ಎತ್ತರ ಆಗ್ತದೆ. ಆಕ್ಸಲು, ಬ್ರೇಕು, ಟಯರು ಮೊದಲಿನದ್ದೇ ಇರುದು. ನೆನಪುಂಟಲ್ಲ?" ಅಪ್ಪ ಗಾಡಿಯ ಹಿಂಭಾಗವನ್ನು ನೋಡುತ್ತಿದ್ದರು. ಮದುವೆ ಹುಡುಗಿಯನ್ನು ನೋಡುವ ಹಾಗೆ. ಕೇಳಿಸಿದ್ದು ಅನುಮಾನ.

ಮೊದಲ ವಾರ ನಾವು ಅರಸರು. ಮೂತಿ ತಗ್ಗಿತು, ಬಾವಲಿಗಳಿಗೆ ಏಕಾಂತ ಸಿಕ್ಕಿತು. ಸ್ವಲ್ಪ ಗಡಸು ಹೌದು, ಆದರೂ ಮಿಷನ್ನಿನ ಭಾರಕ್ಕೆ ತಡೆಯುವಷ್ಟು. ಅಪ್ಪ ಗಾಡಿಯನ್ನು ಬೇಕೆಂದೇ ಜನ ಇದ್ದಲ್ಲಿ, ಹಿಂಭಾಗ ರಸ್ತೆಗೆ ಕಾಣುವಂತೆ ನಿಲ್ಲಿಸತೊಡಗಿದರು.

ಜನರೂ ನೋಡಿದರು.

ನಮ್ಮ ಕಡೆ ಒಂದು ಪದ್ಧತಿ ಉಂಟು. ಯಾವುದೇ ಗಾಡಿ ಯಾವುದೇ ಊರಿಗೆ ಹೋಗುವುದಾದರೆ, ಆ ಊರಿನಲ್ಲಿ ಬೇರೆಯವರ ಮಗಳು, ಸೊಸೆ, ತಂಗಿ ಯಾರಾದರೂ ಇದ್ದೇ ಇರುತ್ತಾರೆ. "ಹೇಗೂ ಹೋಗುದಲ್ಲ" ಎಂಬ ಮಂತ್ರ ಹೇಳಿ ಒಂದು ಚೀಲ ಏರಿಸಿದರೆ ಮುಗಿಯಿತು. ಬೇಡ ಎನ್ನುವ ಪದ್ಧತಿ ಇಲ್ಲ. ಬೇಡ ಎಂದವನ ಮನೆಯ ಮದುವೆಗೆ ಜನ ಬರುತ್ತಾರೆ, ಆದರೆ ಊಟ ಮಾಡಿ ಹೊಗಳುವುದಿಲ್ಲ.

ಬೆಳ್ಳಾರೆ ಪೇಟೆಯಲ್ಲಿ ಒಬ್ಬರು ಅಕ್ಕ ಇದ್ದಾರೆ. ನನ್ನ ಅಕ್ಕ ಅಲ್ಲ, ಇಡೀ ಪೇಟೆಗೆ ಅಕ್ಕ. ಮಗಳನ್ನು ಪುತ್ತೂರಿಗೆ ಕೊಟ್ಟಿದ್ದಾರೆ. ಕಂತಿನಲ್ಲಿ ಮನೆಯನ್ನೂ ಕೊಡುತ್ತಿದ್ದಾರೆ. ಮೊದಲೂ ನಮ್ಮ ಗಾಡಿಯಲ್ಲಿ ತೆಂಗಿನಕಾಯಿ, ಬಾಳೆಗೊನೆ ಹೋಗುತ್ತಿದ್ದವು. ಈಗ ಅಕ್ಕ ಗಾಡಿಗೆ ಒಂದು ಪ್ರದಕ್ಷಿಣೆ ಬಂದರು.

"ಹೊಸ ಪ್ಲೇಟಾ ಅಣ್ಣ? ಒಳ್ಳೆದಾಯ್ತು ಮಾರಾಯ್ರೆ. ಮೊದಲು ಒಂದೆರಡು ಚೀಲ ಹಾಕುವಾಗಲೇ ಗಾಡಿ ಪಾಪ ನೆಲಕ್ಕೆ ಮುಟ್ತಿತ್ತು. ನೋಡುವಾಗ ನಮಗೇ ನಾಚಿಕೆ ಆಗಿ ಅಷ್ಟಕ್ಕೇ ಬಿಡ್ತಿದ್ದೆವು. ಈಗ ಸಂಕೋಚ ಇಲ್ಲ."

ಸಂಕೋಚ ಇಲ್ಲದ ಅಕ್ಕ ಅಂದು ಒಂದು ಮಂಚ ಕಳಿಸಿದರು. ಸುದ್ದಿ ಹಬ್ಬಿತು. ಯಾರದೋ ಹೊಲಿಗೆ ಮಿಷನ್, ಯಾರದೋ ಗೊಬ್ಬರದ ಚೀಲ, ಕಡಬದಿಂದ ಭಾವ ಕಳಿಸಿದ ಮಿಕ್ಕ ಕೆಂಪು ಕಲ್ಲು. ಕಡೆಗೆ ಹಿಟ್ಟು ರುಬ್ಬುವ ಒಂದು ಕಡೆಯುವ ಕಲ್ಲು ಬಂತು, ಗುಂಡು ಸಮೇತ. ಯಾರು ಯಾರಿಗೆ ಕಳಿಸಿದ್ದು ಎಂದು ನಮಗೆ ಮರೆತೇ ಹೋಗಿ, ಅದು ನಮ್ಮ ಜೊತೆ ಊರೂರು ತಿರುಗಿ, ಅಡಿಕೆ ಸುಲಿಯುವುದನ್ನು ನೋಡುತ್ತಾ ಕೂತಿತು.

ಗಾಡಿ ಕೂರಲಿಲ್ಲ. ಅದೇ ಎಡವಟ್ಟು. ನಮ್ಮಲ್ಲಿ ಯಾರೂ ತೂಕ ಮಾಡುವುದಿಲ್ಲ. ಹಿಂದೆ ನಿಂತು ನೋಡುತ್ತೇವೆ. ಕೂತರೆ ತುಂಬಿತು, ಕೂರದಿದ್ದರೆ ಜಾಗ ಉಂಟು. ನಮ್ಮ ಗಾಡಿ ಎಷ್ಟು ತುಂಬಿದರೂ ಜಾಗ ಉಂಟು ಎಂದೇ ಹೇಳುತ್ತಿತ್ತು.

ಬೇಡ ಎನ್ನಲು ನಾನು ಪ್ರಯತ್ನಿಸಿದೆ. ನನ್ನ ಸ್ವರದಲ್ಲಿ ಧೈರ್ಯ ಬರುವುದಿಲ್ಲ, ಆದ್ದರಿಂದ ಕಾಕನ ಸ್ವರದಲ್ಲಿ ಹೇಳಿದೆ: "ಆಕ್ಸಲು ಮೊದಲಿನದ್ದೇ ಇರುದು, ನೆನಪುಂಟಲ್ಲ?" ಅಕ್ಕ ನಕ್ಕು ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಮಾಡು," ಎಂದು ಮತ್ತೊಂದು ಚೀಲ ಏರಿಸಿದರು.

ನೋಡುವವರಿಗೆ ಗಾಡಿ ಕೂತ ಹಾಗೆ ಕಾಣದಿದ್ದರೂ, ಅಷ್ಟು ಭಾರದ ಪೆಟ್ಟು ತಡೆಯಲು ಹೊಸ ಪ್ಲೇಟುಗಳಿಗೂ ಆಗಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿಯಲು ಅಪ್ಪ ಸೀಟಿನಿಂದ ಎದ್ದು ನಿಲ್ಲಬೇಕಾಗುತ್ತಿತ್ತು. ಸಂಜೆ ಎಲ್ಲ ಇಳಿಸಿ ಹಗುರಾಗಿ ಬರುವಾಗ ಆಡಿನ ಮರಿಯ ಹಾರಾಟ. ಹೋಗುವಾಗ ಪೆಟ್ಟು, ಬರುವಾಗ ನೆಗೆತ. ಒಂದು ದಿನ ಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿದ ಅಪ್ಪ ಕೆಳಗಿಳಿಯಲಿಲ್ಲ. ಬಾಗಿಲು ತೆರೆದಿತ್ತು, ಒಂದು ಕಾಲು ಹೊರಗಿತ್ತು.

"ಎಂತಾಯ್ತು?" ಅವ್ವ ಕೇಳಿದರು.

"ಎಂತ ಇಲ್ಲ. ಸ್ವಲ್ಪ ಕೂತುಕೊಳ್ತೇನೆ."

ನಾನೂ ಅವ್ವನೂ ಹೆಗಲು ಕೊಟ್ಟು ಇಳಿಸಿದೆವು. ಅವರು ಕೀಲಿಯನ್ನು ನನಗೆ ಕೊಡಲಿಲ್ಲ. ಅಂಗಿಯ ಜೇಬಿಗೆ ಹಾಕಿ, ಅಂಗಿಯ ಸಮೇತ ಮಲಗಿದರು. ಆ ದಿನ ನನಗೆ ಯಾರ ಸ್ವರವೂ ಬರಲಿಲ್ಲ.

ಮಲಗಿದಲ್ಲೇ ಅಪ್ಪ ಯೋಚನೆ ಮಾಡಿರಬೇಕು. ಎದ್ದು ಓಡಾಡುವಂತಾದ ಮೇಲೆ, ಸ್ಟೇರಿಂಗ್ ನಾನು ಹಿಡಿದು, ಅವರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಾ, ಉಪ್ಪಿನಂಗಡಿಗೆ ಹೋದೆವು. ಕಾಕ ಗಾಡಿಯ ಹಿಂದೆ ನಿಂತು ಮೊದಲು ಕಡೆಯುವ ಕಲ್ಲನ್ನು ನೋಡಿದರು.

"ಮಿಷನ್ ಮಾತ್ರ ಅಂತ ಹೇಳಿದ್ದಲ್ಲವಾ? ಇದರಲ್ಲಿ ಅಡಿಕೆ ಸುಲಿಯುದಾ?"

"ನಮ್ಮದಲ್ಲ ಅದು," ಎಂದರು ಅಪ್ಪ.

"ಭಾರಕ್ಕೆ ಅದು ಗೊತ್ತುಂಟಾ?" ಎಂದು ಕಾಕ ನನ್ನ ಕಡೆ ತಿರುಗಿದರು. "ನೀನು ನನ್ನ ಸ್ವರದಲ್ಲಿ ಮಾತಾಡುದಂತೆ ಊರೆಲ್ಲ. ನನ್ನ ಬುದ್ಧಿಯಲ್ಲಿಯೂ ಒಮ್ಮೆ ಮಾತಾಡಬಹುದಿತ್ತಲ್ಲ?" ಆಮೇಲೆ ಇನ್ನೊಂದು ಪ್ಲೇಟ್ ಬೇಕಾ ಎಂದು ಅಪ್ಪನನ್ನು ಕೇಳಿದರು.

"ಬೇಡ. ಹಾಕಿದ್ದನ್ನೂ ತೆಗೀರಿ. ಮೊದಲು ನೀವು ಹೇಳಿದ್ದೇ ಮಾಡಿ, ಕಂಪೆನಿಯದ್ದು ಮತ್ತೆ ರಬ್ಬರ್."

"ಹಿಂದೆ ಕೂತ ಹಾಗೆ ಕಾಣ್ತದೆ, ಈಗಲೇ ಹೇಳ್ತೇನೆ. ಆಮೇಲೆ ನನ್ನನ್ನು ಬೈಯುದಲ್ಲ."

"ಕಾಣ್ಲಿ," ಎಂದರು ಅಪ್ಪ. "ಕೂತದ್ದು ಎಲ್ಲರಿಗೂ ಕಾಣ್ಲಿ."

ಎಕ್ಸ್‌ಟ್ರಾ ಪ್ಲೇಟುಗಳು ಹೊರಗೆ ಬಂದವು. ಹೆಡ್‌ಲೈಟನ್ನು ಕಾಕ ಸ್ಕ್ರೂಡ್ರೈವರಿನಿಂದಲೇ ತಗ್ಗಿಸಿ ಕೊಟ್ಟರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, ಯಾರು ಕೇಳಿದ್ದು ಎಂದರು. ಕಡೆಯುವ ಕಲ್ಲನ್ನು ಅಲ್ಲೇ ಬಿಟ್ಟೆವು. ಅದಕ್ಕೂ ಗ್ಯಾರೇಜಿನ ಮಂದಿಗೂ ಈಗ ಒಳ್ಳೆಯ ಹೊಂದಾಣಿಕೆ. ಕಾಕ ಅದರ ಮೇಲೆ ಕೂತೇ ದುಬೈ ಕಥೆ ಹೇಳುತ್ತಾರೆ. ನಿಮ್ಮದಾದರೆ ಹೋಗಿ ತನ್ನಿ, ಆದರೆ ನಿಮ್ಮ ಗಾಡಿಯಲ್ಲಿ.

ಹಿಂದಿರುಗುವಾಗ ಸ್ಟೇರಿಂಗಿನಲ್ಲಿ ಅಪ್ಪ. ಗುಂಡಿಗಳಲ್ಲಿ ಗಾಡಿ ಎಮ್ಮೆಯ ಹಾಗೆ ಮೆಲ್ಲಗೆ ಇಳಿದು ಮೆಲ್ಲಗೆ ಏಳುತ್ತಿತ್ತು. ಬೆಳ್ಳಾರೆಯಲ್ಲಿ ಎಂದಿನಂತೆ ಚಹಾಕ್ಕೆ ನಿಂತೆವು. ನಾಳೆ ಪುತ್ತೂರಿಗೆ ಹೋಗುವಾಗ ಗಾಡಿಯಲ್ಲಿ ಇರಲಿ ಎಂದು ಅಕ್ಕ ಎರಡು ಚೀಲದ ಜೊತೆ ಸಿದ್ಧರಿದ್ದರು. ಗಾಡಿಯ ಹಿಂದೆ ಬಂದು, ನಿಂತು, ನೋಡಿದರು.

"ಅಯ್ಯೋ. ಮತ್ತೆ ಕೂತಿತಾ ಅಣ್ಣ?"

ಅಪ್ಪ ಗಾಡಿಯ ಹಿಂಭಾಗವನ್ನು ನೋಡಿದರು, ಅಕ್ಕನನ್ನು ನೋಡಿದರು, ತೀರಿಹೋದವರ ಸುದ್ದಿ ಹೇಳುವವರ ಹಾಗೆ ತಲೆ ಒಂದು ಬದಿಗೆ ವಾಲಿಸಿದರು. ಕೆಳತುಟಿ ಸ್ವಲ್ಪ ನಡುಗಿತೋ ಏನೋ.

"ಎಂತ ಮಾಡುದು ಅಕ್ಕ. ಪ್ಲೇಟೆಲ್ಲ ಹೋಯ್ತು."

"ಪಾಪ," ಎಂದರು ಅಕ್ಕ, "ಬೇಡ ಬೇಡ, ನಾನು ಬಸ್ಸಿನಲ್ಲಿ ಕಳಿಸ್ತೇನೆ," ಎಂದು ಚೀಲಗಳನ್ನು ಒಳಗೆ ಎಳೆದುಕೊಂಡರು. ಎಲ್ಲಿಂದಲೋ ಒಂದು ಸೌತೆಕಾಯಿ ತಂದು ಸಾಂತ್ವನಕ್ಕೆ ಅಪ್ಪನ ಕೈಗೇ ಕೊಟ್ಟರು.

ಇಷ್ಟು ವರ್ಷ ಮೂರು ತಾಲೂಕಿನ ಕೆಮ್ಮು ಕಲಿತ ನಾನು ಬಾಯಿ ತೆರೆದು ನಿಂತಿದ್ದೆ. ಆ ತುಟಿಯ ನಡುಕ ನನಗೆ ಇವತ್ತಿಗೂ ಬಂದಿಲ್ಲ. ಕನ್ನಡಿಯ ಮುಂದೆ ಎಷ್ಟು ಮಾಡಿದರೂ ಹಲ್ಲುನೋವಿನವನ ಹಾಗೆ ಕಾಣುತ್ತದೆ.

ಮನೆಗೆ ತಲುಪಿದಾಗ ಅವ್ವ ಅಂಗಳಕ್ಕೆ ಬಂದು ನಿಂತರು. ನಾನು ಹೆಗಲು ಕೊಡಲು ಓಡಿದೆ. ಅಪ್ಪ ಸೌತೆಕಾಯಿಯನ್ನು ನನ್ನ ಕೈಗೆ ಕೊಟ್ಟು, "ಇದನ್ನು ಹಿಡ್ಕೋ, ನಿನ್ನಿಂದ ಆಗುವಷ್ಟು ಭಾರ," ಎಂದು, ಬಾಗಿಲನ್ನೂ ಹಿಡಿಯದೆ ಇಳಿದರು.